ಊರು ನಾಲ್ಕು, ಬದಿ ಒಂದೇ

2005, ಜನವರಿ ತಿಂಗಳ ಮೊದಲ ಸೋಮವಾರ. ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ, ಮಹಾರಾಷ್ಟ್ರದ ಗಡಿಯೂರು ಸಂಖದಲ್ಲಿರುವ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ ಜುಬೇದಾ, ಪಕ್ಕದ ಮನೆಯ ಕಿರಾಣಿ ವ್ಯಾಪಾರಿ ಗುರಪ್ಪಣ್ಣ. ನಮ್ಮ ಬಿಳಿ ಕಾರನ್ನೂ ಹಾಜರಿಯಲ್ಲಿ ಸೇರಿಸಬೇಕು. ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದದ್ದು ಅದೇ.

ನಾನು ಎಡಗಡೆಯ ಸೀಟಿನಲ್ಲಿ ಕುಳಿತೆ. ಜುಬೇದಾ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಬಲಗಡೆ ಸ್ಟೇರಿಂಗ್ ಮುಂದೆ ಕುಳಿತಳು. ಸಂಖದಿಂದ ಮಿರಜದವರೆಗೆ ಅವಳು ಗಾಡಿ ನಡೆಸುತ್ತಿದ್ದದ್ದು ಅದೇ ಮೊದಲು. ಅದಕ್ಕಿಂತ ಮುಂಚೆ ಅವಳು ಗಾಡಿ ನಡೆಸಿಕೊಂಡು ಹೋಗಿದ್ದ ಅತಿ ದೂರದ ಊರು ಜತ್.

ಗುರಪ್ಪಣ್ಣ ಕಂಬಳಿ ಹೊದ್ದು ಕಿಟಕಿಯ ಹತ್ತಿರ ಬಗ್ಗಿದ. "ಭಾಬಿ, ದರಿಬಡಚಿ ತನಕ ಕುರಿ ಜ್ವಾಕಿ. ಅಲ್ಲಿಂದ ಮುಂದ ಕುರಿಗೋಳ ನಿಮ್ಮನ್ನ ನೋಡಿ ಜ್ವಾಕಿಲೆ ಇರ್ತಾವ."

"ಗುರಪ್ಪಣ್ಣ, ನೀ ಮೊದಲ ಗಾಡಿ ಮುಂದಿಂದ ಸರಿ. ಮೊದಲನೇ ಕುರಿ ನೀನ ಆಗತೀ ಮತ್ತ," ಅಂದಳು ಜುಬೇದಾ.

ಹೊರಟಿದ್ದದ್ದು ಮಿರಜದ ಕಣ್ಣಿನ ಆಸ್ಪತ್ರೆಗೆ. ನನ್ನ ಎಡಗಣ್ಣಿನ ನೋಟ ಬಹುಪಾಲು ಹೋಗಿದೆ, ಅದು ಹಿಂದಕ್ಕೆ ಬರುವುದಿಲ್ಲ. ಬಲಗಣ್ಣಿನಲ್ಲೂ ಅದೇ ರೋಗ ಕಾಲಿಟ್ಟಿತ್ತು. ಒಂದೂವರೆ ವರ್ಷದಿಂದ ಬೆಳಿಗ್ಗೆ, ರಾತ್ರಿ ತಪ್ಪದೆ ಹಾಕಿಕೊಂಡ ಹನಿ ಔಷಧ ಆ ರೋಗವನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದೆಯೋ, ಅಥವಾ ಅದು ಒಳಗೆ ಬಂದು ಕುಳಿತಿದೆಯೋ, ಆ ದಿನ ತಿಳಿಯಬೇಕಿತ್ತು. ಬಲಗಣ್ಣೂ ಹೋದರೆ ಓದು ಇಲ್ಲ, ಒಬ್ಬನೇ ಮಸೀದಿಗೆ ಹೋಗುವಂತಿಲ್ಲ, ಜುಬೇದಾಳ ಮುಖವಿಲ್ಲ. ಹೆದರಿಕೆ ಇತ್ತು. ಆದರೆ ಅಂದು ಬೆಳಿಗ್ಗೆ ಹೆದರಿಕೆಗಿಂತ ಉತ್ಸಾಹವೇ ಹೆಚ್ಚಾಗಿತ್ತು. ಹೆಂಡತಿ ಗಾಡಿ ಹೊಡೆಯುತ್ತಿದ್ದಾಳೆ, ಅದೂ ಮಿರಜಕ್ಕೆ!

ನಾನು ಸರಕಾರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಯಾವ ಗಾಡಿ ಯಾವಾಗ ಬಿಡಬೇಕು, ಯಾವ ಚಾಲಕ ಯಾವುದಕ್ಕೆ ಹತ್ತಬೇಕು ಎನ್ನುವುದೇ ಜೀವಮಾನದ ಕೆಲಸವಾಗಿತ್ತು. ಹೊರಡುವ ಗಾಡಿಗೆ ಡಬಲ್ ಬೆಲ್ ಆಗದೆ ನನ್ನ ಮನಸ್ಸು ಒಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದೆ. ಗಾಡಿ ಬಿಟ್ಟಿತು.

ಈಗ ಹಿಂದಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ಸ್ಟೇರಿಂಗ್ ಅವಳ ಕೈಗೆ ಹೇಗೆ ಹೋಯಿತು ಎನ್ನುವುದು ತಿಳಿಯುವುದಿಲ್ಲ.

ನಿವೃತ್ತಿಯಾದ ವರ್ಷವೇ ನಾನು ಈ ಕಾರು ತೆಗೆದುಕೊಂಡೆ. ಇಡೀ ಆಯುಷ್ಯ ಇನ್ನೊಬ್ಬರ ಗಾಡಿ ಬಿಟ್ಟು ಬಿಟ್ಟು ಸಾಕಾಗಿತ್ತು. ನನ್ನ ಗಾಡಿಯನ್ನು ನಾನೇ ಬಿಡಬೇಕೆಂಬ ಆಸೆ. ಬೇಗ ಕಲಿತೆ, ಚೆನ್ನಾಗಿ ನಡೆಸುತ್ತೇನೆ ಎಂದುಕೊಂಡೆ. ಬೀಗರ ಮನೆ, ಮದುವೆ, ಮಗಳ ಮನೆ ಎಂದು ನಾಲ್ಕೂ ದಿಕ್ಕಿಗೆ ಓಡಾಡಿದೆವು. ಹೋದಲ್ಲೆಲ್ಲ ಒಂದೊಂದು ಪೆಟ್ಟು.

ಮೊದಲನೆಯದು ಪುಣೆಯಲ್ಲಿ. ಒಂದು ರಿಕ್ಷಾ ಬಂದು ಬಾಗಿಲು ಉಜ್ಜಿಕೊಂಡು ಹೋಯಿತು. ಎರಡನೆಯದು ವಿಜಾಪುರದಲ್ಲಿ, ಟಾಂಗಾದ ಗಾಲಿಯ ಅಚ್ಚು ತಾಗಿ ಹಿಂದಿನ ಬಾಗಿಲು ಒಳಗೆ ಹೋಯಿತು. ಈ ಎರಡು ಪೆಟ್ಟಿನ ಬಲದ ಮೇಲೆ ನಾನೂ ಗುರಪ್ಪಣ್ಣನೂ ಸಂಜೆ ಅವನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಊರುಗಳಿಗೆ ಮಾರ್ಕು ಹಾಕುತ್ತಿದ್ದೆವು. ಯಾವ ಊರಿನಲ್ಲಿ ಗಾಡಿ ನಡೆಸುವುದು ಹೆಚ್ಚು ಅಪಾಯ? ಪುಣೆಯಲ್ಲಿ ದ್ವಿಚಕ್ರಗಳು ಜೇನುಹುಳುಗಳಂತೆ; ಆದರೆ ಅಲ್ಲಿ ಎಲ್ಲರೂ ಕಣ್ಣು ತೆರೆದುಕೊಂಡಿರುತ್ತಾರೆ. ವಿಜಾಪುರದ ರಸ್ತೆ ಅಗಲ, ಜನ ನಿಧಾನ. ಆದರೆ ಟಾಂಗಾ ಯಾವಾಗ ತಿರುಗುತ್ತದೆಂದು ಕುದುರೆಗೂ ಗೊತ್ತಿರುವುದಿಲ್ಲ. ಸೊಲ್ಲಾಪುರದಲ್ಲಿ ಓಣಿಯಿಂದ ಬರುವವರು ದೊಡ್ಡ ರಸ್ತೆಯೂ ತಮ್ಮ ಓಣಿಯೇ ಎಂದು ತಿಳಿದು ಬರುತ್ತಾರೆ. ಸಾಂಗ್ಲಿಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು.

"ಪುಣೇನ ಒಂದನೇ ನಂಬರ," ಎನ್ನುತ್ತಿದ್ದೆ ನಾನು.

"ಏ ಬಿಡ್ರಿ ಸಾಹೇಬ್ರ. ಸೊಲ್ಲಾಪುರ ಮುಂದ ಪುಣೆ ಅಂದ್ರ ಸಾಲಿ ಹುಡುಗ. ನಾ ಬ್ಯಾಳಿ ತರಾಕ ಹೋಗ್ತೀನಿ, ನನಗ ಗೊತ್ತೈತಿ," ಎನ್ನುತ್ತಿದ್ದ ಗುರಪ್ಪಣ್ಣ.

ಅವನ ಮಾತು ನಿಜವಾಯಿತು ಎಂದೇ ನನಗೆ ಅನಿಸಿತು, 2002ರ ಬೇಸಿಗೆಯಲ್ಲಿ. ಸೊಲ್ಲಾಪುರದ ಮಗಳ ಮನೆಗೆ ಹೋಗುತ್ತಿದ್ದೆವು. ಒಂದು ಚೌಕಿನಲ್ಲಿ ನಾನು ನಿಧಾನಿಸಿ, ನೋಡಿ, ಮುಂದೆ ಹೋದೆ. ರಸ್ತೆ ಖಾಲಿ ಇತ್ತು. ಖಾಲಿ ರಸ್ತೆಯಿಂದ ಒಂದು ಸ್ಕೂಟರು ಉದ್ಭವಿಸಿತು! ಢಂ ಎಂದಿತು. ಎಡಗಡೆಯ ಮುಂದಿನ ಗಾಜು ಪುಡಿಯಾಗಿ ಸಕ್ಕರೆಯಂತೆ ನಮ್ಮಿಬ್ಬರ ಮೇಲೂ ಸುರಿಯಿತು. ಸ್ಕೂಟರಿನವನು ಹಿಂದೆ ಚಾದರಗಳ ದೊಡ್ಡ ಗಂಟು ಕಟ್ಟಿಕೊಂಡಿದ್ದ. ಬೀಳುವಾಗ ಗಂಟಿನ ಮೇಲೆಯೇ ಬಿದ್ದ. ಎದ್ದು ಕುಳಿತು ಮರಾಠಿ, ತೆಲುಗು, ಕನ್ನಡ ಮೂರರಲ್ಲೂ ನನ್ನನ್ನು ಬೈದ. ಅಷ್ಟು ಬೈಯುವ ಶಕ್ತಿ ಉಳಿದಿತ್ತಲ್ಲ ಎಂದು ನಾನು ಅಲ್ಲಾಹನಿಗೆ ಶುಕ್ರಿಯಾ ಹೇಳಿದೆ. ಚಾದರಗಳ ಬದಲು ಹಿಂದೆ ಮಗು ಕುಳಿತಿದ್ದರೆ? ಆ ಪ್ರಶ್ನೆ ಈಗಲೂ ನನ್ನನ್ನು ಕಾಡುತ್ತದೆ. ಆಗ ಮಾತ್ರ, "ನೋಡ್ರೀ ಈ ಊರ ಹಣೆಬರಹ," ಎಂದು ಸೊಲ್ಲಾಪುರವನ್ನೇ ಬೈದೆ.

ನನ್ನ ಕಣ್ಣು ಕೆಂಪಾಗಿತ್ತು. ಅಲ್ಲಿಯೇ ಒಂದು ದವಾಖಾನೆಯಲ್ಲಿ ತೊಳೆಸಿಕೊಂಡೆ, ಗಾಜಿನ ಪುಡಿ ಏನೂ ಉಳಿದಿಲ್ಲ ಎಂದರು. ಆದರೂ ಮಗಳು ಬಿಡಲಿಲ್ಲ. "ಅಬ್ಬಾ, ಒಮ್ಮೆ ಮಿರಜದಾಗ ದೊಡ್ಡ ಡಾಕ್ಟರಿಗೆ ತೋರಸ್ರಿ," ಎಂದು ನಾವು ಊರಿಗೆ ಬಂದ ಮೇಲೆ ಫೋನು ಮಾಡಿ ಅತ್ತಳು. ಹೋದೆವು.

ಮಿರಜದ ವೈದ್ಯೆ ಸಣ್ಣ ವಯಸ್ಸಿನವರು, ಮರಾಠಿ ಮಾತಾಡುವವರು. ಕಣ್ಣಿಗೆ ದೀಪ ಹಿಡಿದರು, ಒತ್ತಡ ಅಳೆದರು, ಮತ್ತೆ ದೀಪ ಹಿಡಿದರು. ಕೊನೆಗೆ ಹೇಳಿದರು: "ಕಾಕಾ, ಕಾಚಬಿಂದೂ ಆಹೇ."

ನಾನು ಮೂವತ್ತು ವರ್ಷ ಮರಾಠಿಯಲ್ಲಿ ಮೈಕು ಹಿಡಿದು ಗಾಡಿ ಕೂಗಿದವನು. ಆ ಭಾಷೆ ನನಗೆ ಬರುತ್ತದೆ ಎಂಬ ಹಮ್ಮು ಇತ್ತು. ಕಾಚ ಎಂದರೆ ಗಾಜು, ಬಿಂದು ಎಂದರೆ ಹನಿ, ಆಹೇ ಎಂದರೆ ಇದೆ. ಕಾರಿನ ಗಾಜು ಒಡೆದಿದೆ, ಕಣ್ಣು ಕೆಂಪಾಗಿದೆ. ಮತ್ತೇನು ಬೇಕು? ವೈದ್ಯೆ ಮುಂದೆಯೂ ಬಹಳ ಹೇಳಿದರು. ದಿನಾ ಹನಿ ಹಾಕಬೇಕು, ನಿಲ್ಲಿಸಬಾರದು, ಪರೀಕ್ಷೆಗೆ ಬರಬೇಕು ಎಂದರು. ನಾನು ಎಲ್ಲವನ್ನೂ ತಿಳಿದವನಂತೆ "ಹೋ, ಹೋ" ಎಂದು ತಲೆಯಾಡಿಸಿದೆ. ಪಾಪ, ಅವರೂ ನಂಬಿದರು. ಹೊರಗೆ ಬಂದು ಜುಬೇದಾಳಿಗೆ ತರ್ಜುಮೆ ಮಾಡಿದೆ.

"ಕಣ್ಣಾಗ ಕಾಚಿನ ಹನಿ ಹೊಕ್ಕೈತಂತ. ಔಷಧ ಹಾಕಿದ್ರ ಹೊರಗ ಬರ್ತೈತಿ."

"ಯಾ ಅಲ್ಲಾ! ನೋವ ಇಲ್ಲೇನ್ರಿ ಮತ್ತ?"

"ಕಾಚು ಭಾಳ ಸಣ್ಣದೈತಿ. ಅದಕ್ಕ ಗೊತ್ತಾಗೂದಿಲ್ಲ."

ರೋಗವಲ್ಲ, ಗಾಜು! ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಿರಜದ ನಿಲ್ದಾಣದಲ್ಲಿ ಇಬ್ಬರೂ ಭಜಿ ತಿಂದು ಮನೆಗೆ ಬಂದೆವು. ಹೊರಗಿನಿಂದ ಬಂದದ್ದು ಹೊರಗೆ ಹೋಗುತ್ತದೆ. ನನ್ನ ದೇಹದ ತಪ್ಪು ಏನೂ ಇಲ್ಲ, ಎಲ್ಲ ಸೊಲ್ಲಾಪುರದ ತಪ್ಪು. ಸಂಖ ಊರಿಗೆಲ್ಲ ಸುದ್ದಿ ಹೋಯಿತು. ಗುರಪ್ಪಣ್ಣ ಕಟ್ಟೆಯ ಮೇಲೆ ಸಾರಿದ: "ಸೊಲ್ಲಾಪುರ ಸಾಹೇಬ್ರ ಕಣ್ಣಾಗ ಹೋಗಿ ಕುಂತೈತಿ. ನಾ ಹೇಳಿದ್ನೋ ಇಲ್ಲೋ?"

ನಾನು ದಿನಾ ಬೆಳಿಗ್ಗೆ ನಮಾಜು ಮುಗಿಸಿ ಹನಿ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಅಂಗಳದಲ್ಲಿ ಬಿಳಿ ದಸ್ತಿಯೊಂದನ್ನು ಹಾಸಿ, ಅದರ ಮೇಲೆ ತಲೆ ಬಗ್ಗಿಸಿ, ಕಣ್ಣು ಪಿಳುಕಿಸುತ್ತ ಕುಳಿತಿರುತ್ತಿದ್ದೆ. ಗಾಜು ಬಿದ್ದರೆ ಬಿಳಿ ಬಟ್ಟೆಯ ಮೇಲೆ ಮಿನುಗಬೇಕಲ್ಲ! ಒಂದು ದಿನವೂ ಬೀಳಲಿಲ್ಲ. ಬಿದ್ದದ್ದು ಔಷಧದ ನೀರು ಮಾತ್ರ.

ಗುರಪ್ಪಣ್ಣನಿಗೆ ತಾಳ್ಮೆ ಕಡಿಮೆ. ದರಿಬಡಚಿಯ ಕಡೆ ಒಬ್ಬ ಮುದುಕಿ ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುತ್ತಾಳೆ ಎಂದು ಕೇಳಿಕೊಂಡು ಬಂದ. ಕರೆದುಕೊಂಡು ಹೋದ. ಆಕೆ ಬಾಯಿ ಮುಕ್ಕಳಿಸಿ ಬಂದು, ನನ್ನ ರೆಪ್ಪೆ ಎತ್ತಿ, ನಾಲಿಗೆಯ ತುದಿ ಆಡಿಸಿದಳು. ಬೆಚ್ಚಗೆ, ಒರಟಾಗಿ, ಬೆಕ್ಕು ನೆಕ್ಕಿದಂತೆ ಇತ್ತು. ಎರಡೂ ಕಣ್ಣು ನೋಡಿ, ಉಗುಳಿ, ಹೇಳಿದಳು: "ಏನೂ ಇಲ್ಲಪಾ. ನಿನ್ನ ಔಷಧಕ್ಕ ಕಾಚು ಕರಗಿ ಹೋಗೈತಿ."

ಕರಗಿ ಹೋಗಿದೆ! ನಾವಿಬ್ಬರೂ ಕುಣಿಯುವುದೊಂದು ಬಾಕಿ. ಗುರಪ್ಪಣ್ಣ ಅವತ್ತು ಅಂಗಡಿಯಿಂದ ಎಲ್ಲರಿಗೂ ಸಕ್ಕರೆ ಹಂಚಿದ. ನಾನು ಹನಿ ಹಾಕುವುದನ್ನು ನಿಲ್ಲಿಸಿದೆ. ಕರಗಿದ ಗಾಜಿಗೆ ಔಷಧ ಏಕೆ? ಕಾರಿಗೆ ಹೊಸ ಗಾಜು ಹಾಕಿಸಿ ಮತ್ತೆ ತಿರುಗಾಟ ಶುರು ಮಾಡಿದೆ.

ಒಂದು ವರ್ಷ ಹಾಗೆಯೇ ಹೋಯಿತು. ಈ ರೋಗದ ಕಪಟ ಇದು: ನೋಯುವುದಿಲ್ಲ, ಉರಿಯುವುದಿಲ್ಲ, ಕತ್ತಲೆಯೂ ಆಗುವುದಿಲ್ಲ. ಕಾಣದೇ ಹೋದ ಜಾಗದಲ್ಲಿ ಮನಸ್ಸು ತಾನೇ ಏನನ್ನೋ ಬಳಿದು ತುಂಬಿಸಿಬಿಡುತ್ತದೆ. ಖಾಲಿ ರಸ್ತೆ ಎಂದು ನಾನು ನೋಡಿದ್ದು ರಸ್ತೆಯನ್ನಲ್ಲ, ಆ ಬಳಿದ ಬಣ್ಣವನ್ನು.

ನಾಲ್ಕನೆಯ ಪೆಟ್ಟು ಸಾಂಗ್ಲಿಯಲ್ಲಿ. ಮಳೆಗಾಲ ಇನ್ನೂ ಬಂದಿರಲಿಲ್ಲ. ಮೇವಿಗೆಂದು ಕಬ್ಬು ಹೇರಿದ ಎತ್ತಿನ ಗಾಡಿಯೊಂದು ರಸ್ತೆಯ ಎಡಕ್ಕೆ ನಿಂತಿತ್ತು. ನಿಂತಿತ್ತು, ಗಮನಿಸಿ. ಓಡುತ್ತಿರಲಿಲ್ಲ. ನಾನು ಸರಾಗವಾಗಿ ಅದರ ಪಕ್ಕವನ್ನು ಉಜ್ಜಿಕೊಂಡು ಹೋದೆ. ತೆರೆದ ಕಿಟಕಿಯಿಂದ ಒಂದು ಹಿಡಿ ಕಬ್ಬು ಮುರಿದು ಒಳಗೆ ಬಂದು ಜುಬೇದಾಳ ತೊಡೆಯ ಮೇಲೆ ಬಿತ್ತು. ಎತ್ತುಗಳು ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿದ್ದವು. ಗಾಡಿಯವನು ಬಂದು ಎತ್ತುಗಳ ಮೈ ಸವರಿ, ಕಬ್ಬಿನ ಜಲ್ಲೆ ಎಣಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೋದ. ಆ ನೋಟ ಸೊಲ್ಲಾಪುರದ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನಾನು ಮಾತ್ರ ಶುರು ಮಾಡಿದ್ದೆ: "ಈ ಸಾಂಗ್ಲೀನೂ ಈಗ ಸೊಲ್ಲಾಪುರ ಆಗೇತಿ ನೋಡು..."

ಜುಬೇದಾ ಕಬ್ಬಿನ ಸೋಗೆಯನ್ನು ಒಂದೊಂದಾಗಿ ತೊಡೆಯಿಂದ ತೆಗೆಯುತ್ತಿದ್ದಳು. ಅವಳ ಕೆನ್ನೆಯ ಮೇಲೆ ಒಂದು ಗೀರು ಬಿದ್ದು ಕೆಂಪಾಗಿತ್ತು.

"ಏನ್ರೀ," ಅಂದಳು, "ಪುಣೆದಾಗ ರಿಕ್ಷಾ ಬಂತು, ನನ್ನ ಮ್ಯಾಲ. ವಿಜಾಪುರದಾಗ ಟಾಂಗಾ, ನನ್ನ ಮ್ಯಾಲ. ಸೊಲ್ಲಾಪುರದಾಗ ಸ್ಕೂಟರ ನನ್ನ ಮ್ಯಾಲ. ಇಲ್ಲಿ ಕಬ್ಬೂ ನನ್ನ ಮ್ಯಾಲ. ಊರು ನಾಕು, ಬದಿ ಒಂದ. ನಿಮಗ ನನ್ನ ಮ್ಯಾಲ ಅಷ್ಟು ಸಿಟ್ಟೈತೇನು?"

ನಾನು ನಕ್ಕೆ. ಅವಳು ನಗಲಿಲ್ಲ.

"ಬಲಗಣ್ಣ ಮುಚ್ಚರಿ."

"ಯಾಕ?"

"ಮುಚ್ಚರಿ ಅಂದ್ನೆಲ್ಲ."

ಮುಚ್ಚಿಕೊಂಡೆ. ಎಡಗಣ್ಣಿನಿಂದ ಅವಳ ಕಡೆ ನೋಡಿದೆ. ಅವಳು ಇರಲಿಲ್ಲ. ಕಾರಿನ ಮೇಲ್ಛಾವಣಿಯ ಒಂದು ತುಂಡು ಕಾಣುತ್ತಿತ್ತು. ಅದರ ಕೆಳಗೆ ಬೂದು ಮಂಜು. ಒಂದು ಮೂಲೆಯಲ್ಲಿ ಹಸಿರು ಬಳೆಗಳು ಮಾತ್ರ ಅಲುಗಾಡುತ್ತಿದ್ದವು.

"ಏನ ಕಾಣತೈತಿ?"

"ನಿನ್ನ ಬಳಿ," ಅಂದೆ.

"ಮುಖಾ?"

ನಾನು ಬಲಗಣ್ಣು ತೆರೆದೆ. ಅವಳು ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಕಾರನ್ನು ಅಲ್ಲಿಯೇ ಒಂದು ಗ್ಯಾರೇಜಿನ ಮುಂದೆ ತಳ್ಳಿಸಿ ನಿಲ್ಲಿಸಿದೆವು. ಮಿರಜ ಹತ್ತಿರವೇ ಇತ್ತು. ರಿಕ್ಷಾ ಹಿಡಿದೆವು. ದಾರಿಯುದ್ದಕ್ಕೂ ನಾನು ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿ ತೆರೆದು ನೋಡುತ್ತಿದ್ದೆ. ಅರ್ಧ ಜಗತ್ತು ಯಾವಾಗ ಹೋಯಿತು, ನನಗೆ ಹೇಳದೆ?

ಇದನ್ನು ಓದುವವರಿಗೆ ಇಲ್ಲಿಯೇ ಒಂದು ಮಾತು. ಪುಸ್ತಕ ಕೆಳಗಿಡಿ. ಒಂದು ಕಣ್ಣು ಮುಚ್ಚಿ ಎದುರಿನ ಗೋಡೆ ನೋಡಿ, ಆಮೇಲೆ ಇನ್ನೊಂದು. ಸರಿಯಾಗಿ ಕಂಡರೂ ಅಷ್ಟಕ್ಕೇ ಬಿಡಬೇಡಿ. ನಲವತ್ತು ದಾಟಿದವರು, ಅದರಲ್ಲೂ ಗಾಡಿ ನಡೆಸುವವರು, ಕಣ್ಣಿನ ಒತ್ತಡವನ್ನು ಆಸ್ಪತ್ರೆಯಲ್ಲಿ ನೋಡಿಸಿಕೊಳ್ಳಿ. ನಾನು ಕಾರಿನ ಗಾಲಿಯ ಗಾಳಿಯನ್ನು ವಾರವಾರ ನೋಡಿಸುತ್ತಿದ್ದೆ.

ಕಣ್ಣಿನ ಆಸ್ಪತ್ರೆಯ ಕಾಯುವ ಕೋಣೆ ಬೇರೆ ಆಸ್ಪತ್ರೆಗಳಂತಲ್ಲ. ಕೆಮ್ಮು ಇಲ್ಲ, ನರಳಾಟ ಇಲ್ಲ. ಪಾಪೆ ಹಿಗ್ಗಿಸುವ ಔಷಧ ಹಾಕಿಸಿಕೊಂಡು, ಸಾಲಾಗಿ ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಕುಳಿತಿರುತ್ತಾರೆ. ರಾತ್ರಿ ಬಸ್ಸಿನಲ್ಲಿ ಮಲಗಿದ ಪ್ರಯಾಣಿಕರಂತೆ. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಕಣ್ಣು ತೆರೆಯದೆಯೇ ತನ್ನ ಚೀಲದಿಂದ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದಳು. ಯಾರ ಕೈ ಎಂದು ಅವಳಿಗೆ ಗೊತ್ತಿಲ್ಲ, ಯಾರ ಶೇಂಗಾ ಎಂದು ನನಗೆ ಗೊತ್ತಿಲ್ಲ. ಆ ದಿನ ತಿಂದ ರುಚಿಯಾದ ಪದಾರ್ಥ ಅದೊಂದೇ.

ಒಳಗೆ ಅದೇ ವೈದ್ಯೆ. ನಾನು ಮೊದಲೇ ಕೇಳಿದೆ, ಮರಾಠಿಯಲ್ಲಿ: ಹೋದ ವರ್ಷದ ಗಾಜು ಕರಗಿತ್ತಲ್ಲ, ಮತ್ತೆ ಹೊಸದು ಹೊಕ್ಕಿದೆಯೇ?

"ಕುಠಲೀ ಕಾಚ, ಕಾಕಾ?" ಅಂದರು. ಯಾವ ಗಾಜು?

ಜುಬೇದಾ ಬಿಳಿ ದಸ್ತಿಯಿಂದ ಹಿಡಿದು ಮುದುಕಿಯ ನಾಲಿಗೆಯವರೆಗೆ ಎಲ್ಲವನ್ನೂ ಹೇಳಿದಳು, ನಾನು ಮರಾಠಿಗೆ ತಿರುಗಿಸಿದೆ. ವೈದ್ಯೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ನಗು ನಿಂತಿತು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: ಕಾಕಾ, ಮೋತಿಬಿಂದೂ ಆದವರ ಕಣ್ಣಿನಲ್ಲಿ ಮುತ್ತು ಸಿಗುತ್ತದೆಯೇ?

ಮೋತಿಬಿಂದೂ ನನಗೆ ಗೊತ್ತಿತ್ತು. ಕಣ್ಣಿನ ಪೊರೆ, ನಮ್ಮ ತಾಯಿಗೂ ಆಗಿತ್ತು. ಆಗ ನಾವು ಯಾರೂ ಮುತ್ತು ಹುಡುಕಿರಲಿಲ್ಲ. ಕಾಚಬಿಂದೂ ಎನ್ನುವುದೂ ಅಂಥದೇ ಒಂದು ಹೆಸರು, ಗ್ಲಾಕೋಮಾಕ್ಕೆ ಮರಾಠಿಯ ಹೆಸರು. ಅದರಲ್ಲಿ ಗಾಜು ಇಲ್ಲ. ಒಳಗಿನ ಒತ್ತಡ ಏರಿ ನೋಟದ ನರ ಸಾಯುತ್ತ ಹೋಗುವ ರೋಗ. ಸೊಲ್ಲಾಪುರಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಕೂಟರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಅದು ಇತ್ತು. ಬಹುಶಃ ಪುಣೆಯ ರಿಕ್ಷಾದ ದಿನವೂ ಇತ್ತು.

ಪರೀಕ್ಷೆಗೆ ಕೂರಿಸಿದರು. ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರ. ಗದ್ದ ಅದರ ಮೇಲೆ ಇಟ್ಟು, ಒಂದು ಕಣ್ಣು ಕಟ್ಟಿ, ನಡುವಿನ ಚುಕ್ಕೆ ನೋಡುತ್ತಿರಬೇಕು. ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಬಲಗಣ್ಣಿನಿಂದ ಒತ್ತಿದೆ, ಒತ್ತಿದೆ, ನಡುವೆ ಅಲ್ಲಲ್ಲಿ ಬಿಟ್ಟೆ. ಎಡಗಣ್ಣಿನ ಸರದಿ ಬಂತು. ಕಾದೆ. ಬೆಳಕು ಬರಲೇ ಇಲ್ಲ. ಇನ್ನೂ ಕಾದೆ.

"ಬಾಯೀ, ಮಷೀನ ಬಂದ್ ಬಿದ್ದೈತಿ," ಅಂದೆ, ಗಡಿಬಿಡಿಯಲ್ಲಿ ಕನ್ನಡದಲ್ಲಿಯೇ.

ಯಂತ್ರ ನೋಡಿಕೊಳ್ಳುವ ಹುಡುಗಿ ಹೇಳಿದಳು: "ಚಾಲೂ ಆಹೇ, ಕಾಕಾ."

ಚಾಲೂ ಇತ್ತು. ಯಂತ್ರದ ಗುಂಯ್ ಎನ್ನುವ ಸದ್ದು ಆಗ ಕೇಳಿಸಿತು. ಬೆಳಕುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು, ವೇಳೆಗೆ ಸರಿಯಾಗಿ. ನನ್ನ ನಿಲ್ದಾಣದಲ್ಲಿ ಒಂದೂ ನಿಲ್ಲುತ್ತಿರಲಿಲ್ಲ.

ಎಡಗಣ್ಣು ಹೋದದ್ದು ಹೋಯಿತು, ಬಲಗಣ್ಣಿನಲ್ಲಿ ಶುರುವಾಗಿದೆ, ಹನಿ ತಪ್ಪಿಸಬೇಡಿ, ಗಾಡಿ ನಡೆಸಬೇಡಿ: ವೈದ್ಯೆ ನಾಲ್ಕೇ ಮಾತು ಹೇಳಿ, ಒಂದೊಂದನ್ನೂ ನನ್ನ ಬಾಯಿಂದ ಕನ್ನಡದಲ್ಲಿ ಜುಬೇದಾಳಿಗೆ ಹೇಳಿಸಿದರು. ಈ ಸಲ ತರ್ಜುಮೆಯಲ್ಲಿ ತಪ್ಪು ಬರಲಿಲ್ಲ.

ಮನೆಗೆ ಬಂದ ಮೇಲೆ ಕೆಲವು ವಾರ ನಾನು ಅಂಗಡಿಯ ಕಟ್ಟೆಯ ಕಡೆ ಹೋಗಲಿಲ್ಲ. ಗ್ಯಾರೇಜಿನ ಹುಡುಗ ತಂದು ಬಿಟ್ಟ ಕಾರು ತಾಡಪತ್ರಿಯ ಕೆಳಗೆ ನಿಂತಿತು. ಗುರಪ್ಪಣ್ಣ ಬಂದು ಬಾಗಿಲಲ್ಲಿ ಕುಳಿತುಕೊಳ್ಳುತ್ತಿದ್ದ. ಸಕ್ಕರೆ ಹಂಚಿದ್ದಕ್ಕೆ ಅವನಿಗೇ ನಾಚಿಕೆ. ಒಂದು ದಿನ ಕೊನೆಗೆ, "ಸಾಹೇಬ್ರ, ಕಾರ ಮಾರಿಬಿಡೂಣು. ಕಣ್ಣ ಮುಂದ ನಿಂತ್ರ ಜೀವಾ ಕಡೀತೈತಿ," ಅಂದ.

ಒಳಗಿನಿಂದ ಜುಬೇದಾ ಕೂಗಿದಳು: "ಯಾರ ಕಾರ ಯಾರ ಮಾರತೀರಿ? ನಾ ಕಲೀತೀನಿ."

ಗುರಪ್ಪಣ್ಣ ನಕ್ಕ. "ಭಾಬಿ, ರೊಟ್ಟಿ ಬಡದಂಗಲ್ಲ ಅದು."

"ರೊಟ್ಟಿ ಬಡಿಯೂದು ನಿನಗ ಬರ್ತೈತೇನು? ಬರೂದಿಲ್ಲ. ಮತ್ತ ಅದರ ಸುದ್ದಿ ಯಾಕ?"

ಅವಳು ಜತ್‌ನ ಡ್ರೈವಿಂಗ್ ಕ್ಲಾಸಿಗೆ ಬಸ್ಸಿನಲ್ಲಿ ಹೋಗಿ ಬಂದು ಕಲಿತಳು. ಊರ ಹೊರಗಿನ ಮಡ್ಡಿಯಲ್ಲಿ, ಮರವಿಲ್ಲದ ಬಯಲಿನಲ್ಲಿ, ಸಂಜೆ ಸಂಜೆ ತಿರುಗಿಸಿದಳು. ಊರು ಮೊದಲು ಬಂದು ನೋಡಿತು, ಆಮೇಲೆ ನೋಡುವುದನ್ನು ಬಿಟ್ಟಿತು. ಲೈಸೆನ್ಸ್ ಬಂದ ದಿನ ಅವಳು ಒಂದೇ ಒಂದು ಬೇಡಿಕೆ ಇಟ್ಟಳು: ಎಡಗಡೆಗೆ ಕನ್ನಡಿ. ನಮ್ಮ ಕಾರಿಗೆ ಬಲಗಡೆ ಮಾತ್ರ ಕನ್ನಡಿ ಇತ್ತು. ಆ ಕಾಲದ ಎಷ್ಟೋ ಕಾರುಗಳಿಗೆ ಹಾಗೆಯೇ. ಎಡಗಡೆಯ ಕನ್ನಡಿ ಶೋಕಿ ಎಂದುಕೊಂಡಿದ್ದೆವು. ಅವಳು ಹಾಕಿಸಿದಳು. ಡೊಂಕು ಬಿದ್ದ ಬಾಗಿಲುಗಳನ್ನು ಮಾತ್ರ ಸರಿಮಾಡಿಸಲು ಬಿಡಲಿಲ್ಲ. "ಇರಲಿ. ನಿಮಗ ನೆನಪಿರಲಿ," ಅಂದಳು.

ಈಗ ಆ ಸೋಮವಾರದ ದಾರಿಗೆ ಬರುತ್ತೇನೆ.

ದರಿಬಡಚಿಯ ಹತ್ತಿರ ಕುರಿಗಳು ನಿಜವಾಗಿಯೂ ಅಡ್ಡ ಬಂದವು. ಜುಬೇದಾ ಹಾರನ್ ಬಾರಿಸಲಿಲ್ಲ. ನಿಂತಳು. ಕುರುಬ ಗಾಡಿಯೊಳಗೆ ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, ರುಮಾಲು ಸರಿಪಡಿಸಿಕೊಂಡು ಸಲಾಂ ಹೊಡೆದ. ಹಿಂದಿನಿಂದ ಬಂದ ವಡಾಪ, ಅಂದರೆ ತಲೆಗಿಷ್ಟು ಎಂದು ಜನ ಹೇರುವ ಬಾಡಿಗೆ ಜೀಪಿನವನು, ಬಾಗಿಲಿಗೆ ಜೋತಾಡುವಷ್ಟು ಜನರನ್ನು ತುಂಬಿಕೊಂಡು, ಕಿರುಚಿದಂತೆ ಹಾರನ್ ಹೊಡೆದ. ಅವಳು ಬದಿಗೆ ಸರಿದು ದಾರಿ ಬಿಟ್ಟಳು.

"ಬಿಟ್ಟೆಲ್ಲ!" ಅಂದೆ.

"ಅವಗ ಅವಸರ ಐತಿ. ನಮಗ ಆಸ್ಪತ್ರೀಗೆ ಹೋಗೂದೈತಿ. ಅವನೂ ಅಲ್ಲೇ ಬರ್ತಾನ, ಬ್ಯಾರೆ ವಾರ್ಡಿಗೆ."

ನನ್ನ ಕೆಲಸ ತಿರುವುಗಳಲ್ಲಿ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಕಂಡಕ್ಟರನಂತೆ "ರೈಟ್!" ಎನ್ನುವುದು. ಕಣ್ಣು ಹೋದಲ್ಲಿ ಕುತ್ತಿಗೆ ದುಡಿಯಬೇಕು ಎಂದು ವೈದ್ಯೆ ಕಲಿಸಿದ್ದರು. ಎಡಕ್ಕೆ ನೋಡಿ ರೈಟ್ ಎನ್ನುವ ಈ ನೌಕರಿಯಲ್ಲಿ ನನಗೆ ಬಹಳ ಖುಷಿ ಬಂತು. ಜತ್ ದಾಟಿದ ಮೇಲೆ ಒಂದು ಕೂಡುರಸ್ತೆ. ನಾನು ನೋಡಿದೆ, ಖಾಲಿ, "ರೈಟ್!" ಅಂದೆ. ಜುಬೇದಾ ಹೊರಡಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಕುಳಿತೇ ಇದ್ದಳು. ಎಡದಿಂದ ಒಂದು ಮೋಟರ್‌ಸೈಕಲ್, ಗಂಡ, ಹೆಂಡತಿ, ನಡುವೆ ಮಗು, ನಮ್ಮ ಮೂಗಿನ ಮುಂದೆ ಸುಯ್ ಎಂದು ಹೋಯಿತು.

ಅವರನ್ನು ನಾನು ನೋಡಿರಲಿಲ್ಲ.

"ಕುತ್ತಿಗಿ ಅರ್ಧಾ ತಿರುಗಿಸಿದ್ರಿ," ಅಂದಳು ಅವಳು, ಬೈಯುವ ದನಿಯಲ್ಲಲ್ಲ. "ಪೂರಾ ತಿರುಗಿಸ್ರಿ."

ಕುತ್ತಿಗೆಯೇ ಕಡಿಮೆಯಾಯಿತೋ, ಅಥವಾ ಬಲಗಣ್ಣೂ ಮುಂದಿನ ಹೆಜ್ಜೆ ಇಟ್ಟಿತೋ? ಅಲ್ಲಿಂದ ಮಿರಜದವರೆಗೆ ನಾನು ಪ್ರತಿ ತಿರುವಿನಲ್ಲೂ ಗದ್ದ ಭುಜಕ್ಕೆ ತಾಗುವವರೆಗೆ ತಿರುಗಿ ನೋಡಿದೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಹೋಗುತ್ತಿದ್ದವು. ಜುಬೇದಾ ಅವುಗಳ ಹಿಂದೆ ದೂರ ಬಿಟ್ಟುಕೊಂಡು, ದಾರಿ ಪೂರ್ತಿ ಕಂಡಾಗ ಮಾತ್ರ ದಾಟಿದಳು.

ಆಸ್ಪತ್ರೆಯಲ್ಲಿ ಅದೇ ಬಿಳಿ ಬಟ್ಟಲು. ಬಲಗಣ್ಣಿನ ಸರದಿ. ಗದ್ದ ಊರಿದೆ. ಬೆಳಕು ಮಿನುಗಿತು, ಒತ್ತಿದೆ. ಮೇಲೆ, ಒತ್ತಿದೆ. ಅಂಚಿನಲ್ಲಿ, ಒತ್ತಿದೆ! ಬಿಡುವು. ಮತ್ತೆ ಬಂತು, ಒತ್ತಿದೆ. ಮುಗಿದಾಗ ಆ ಹುಡುಗಿ, "ಕಾಕಾ, ಬಟನ ಸೋಡಾ," ಎಂದು ನಕ್ಕಳು. ಬಟನ್ ಬಿಡಿ ಎಂದು. ಯಂತ್ರ ನಿಂತ ಮೇಲೂ ನಾನು ಹಿಡಿದುಕೊಂಡೇ ಇದ್ದೆ.

ವೈದ್ಯೆ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಬೆಳಕಿಗೆ ಹಿಡಿದರು. ಬಹಳ ಹೊತ್ತು. ಜುಬೇದಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ಮೂಡಿತ್ತು.

"ಆಹೇ ತಸಂಚ ಆಹೇ," ಅಂದರು. ಇದ್ದದ್ದು ಹಾಗೆಯೇ ಇದೆ.

ಇದಕ್ಕಿಂತ ಸುಂದರವಾದ ವಾಕ್ಯವನ್ನು ನಾನು ಯಾವ ಭಾಷೆಯಲ್ಲೂ ಕೇಳಿಲ್ಲ. ಜುಬೇದಾ ನನ್ನ ಮುಖ ನೋಡಿದಳು. "ತರ್ಜುಮಾ ಮಾಡಬ್ಯಾಡ್ರಿ," ಅಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನನಗೂ ತಿಳೀತು."

ಭಜಿ ತಿಂದೆವು, ಅದೇ ಹಳೆಯ ಜಾಗದಲ್ಲಿ. ಕತ್ತಲಾದ ಮೇಲೆ ಅವಳು ಗಾಡಿ ನಡೆಸುವುದಿಲ್ಲ; ಅದು ಅವಳ ನಿಯಮ. ಹೊತ್ತು ಮುಳುಗುವ ಮೊದಲು ಸಂಖ ಮುಟ್ಟಿದೆವು. ಗುರಪ್ಪಣ್ಣ ಅಂಗಡಿ ಬಿಟ್ಟು ಓಡಿ ಬಂದ. ಮೊದಲು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಅವನು ಎರಡೂ ಕೈ ಮುಗಿದು ಮೇಲೆ ನೋಡಿದ. ಆಮೇಲೆ ಕಾರಿನ ಸುತ್ತ ತಿರುಗತೊಡಗಿದ.

ನಾನೂ ಇಳಿದು ಎಡಗಡೆಯ ಬಾಗಿಲುಗಳ ಮೇಲೆ ಅಂಗೈ ಎಳೆದೆ. ಪುಣೆ, ವಿಜಾಪುರ, ಸೊಲ್ಲಾಪುರ, ಸಾಂಗ್ಲಿ. ನಾಲ್ಕೂ ತಮ್ಮ ತಮ್ಮ ಜಾಗದಲ್ಲಿದ್ದವು. ಐದನೆಯದು ಕೈಗೆ ಸಿಗಲಿಲ್ಲ.

"ಹಂಗಾರ ಈಗ ಹೇಳ್ರಿ ಸಾಹೇಬ್ರ," ಅಂದ ಗುರಪ್ಪಣ್ಣ, "ಎಲ್ಲಾದ್ರಾಗ ಖತರ್ನಾಕ ಊರು ಯಾವುದು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು: "ನಿಮ್ಮ ಸಾಹೇಬ್ರು ಗಾಡಿ ಹೊಡಿಯೂ ಊರು!"

ತಾಡಪತ್ರಿ ಎಳೆದು ಕಾರು ಮುಚ್ಚಿದೆವು. ಸಂಜೆಯ ಮಗ್ರಿಬ್ ನಮಾಜು ಮುಗಿಸಿದೆ. ರೊಟ್ಟಿ, ಪುಂಡಿಪಲ್ಯೆ ಊಟವಾಯಿತು. ರಾತ್ರಿಯ ಹನಿಯ ವೇಳೆಗೆ ಜುಬೇದಾ ಶೀಸೆ ತಂದು ನನ್ನ ಎದುರು ಕುಳಿತಳು. "ಮ್ಯಾಲ ನೋಡ್ರಿ," ಅಂದಳು. ಎಡಗಣ್ಣಿಗೆ ಒಂದು ಹನಿ, ಇನ್ನೂ ಉಳಿದಿರುವ ಆ ಬಳೆಯಷ್ಟು ನೋಟಕ್ಕಾಗಿ. ಬಲಗಣ್ಣಿಗೆ ಒಂದು ಹನಿ. ಕಣ್ಣು ಮುಚ್ಚಿ, ಔಷಧ ಮೂಗಿಗೆ ಇಳಿಯದಂತೆ ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದೆ. ಅವಳು ಶೀಸೆಯ ಮುಚ್ಚಳ ತಿರುಗಿಸಿ ಬಿಗಿದಳು.